ಹುಚ್ಚು, ಮತ್ತು, ದೇವರು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಎರಡು ವರ್ಷಗಳ ಅಂತರದಲ್ಲಿ ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಕೊಂದರು. 2001ರ ಜೂನ್ 20ರ ಬೆಳಿಗ್ಗೆ ಹ್ಯೂಸ್ಟನ್ ನಗರದಲ್ಲಿ ಗಂಡ ಕೆಲಸಕ್ಕೆ ಹೊರಟ ಮೇಲೆ, ಅತ್ತೆ ಬರುವುದರೊಳಗೆ ಸಿಕ್ಕ ಸುಮಾರು ಒಂದು ಗಂಟೆಯಲ್ಲಿ ಆಂಡ್ರಿಯಾ ಯೇಟ್ಸ್ ತನ್ನ ಐವರು ಮಕ್ಕಳನ್ನೂ ನೀರಿನಲ್ಲಿ ಮುಳುಗಿಸಿದಳು. ದೊಡ್ಡವನಿಗೆ ಏಳು ವರ್ಷ, ಕಡೆಯ ಕೂಸಿಗೆ ಆರು ತಿಂಗಳು. ಆಮೇಲೆ ಆಕೆಯೇ ಪೊಲೀಸರಿಗೆ ಫೋನ್ ಮಾಡಿದಳು. 2003ರ ಮೇ ತಿಂಗಳಲ್ಲಿ ಟೈಲರ್ ಪಟ್ಟಣದ ಸಮೀಪ ಡಿಯಾನಾ ಲೇನಿ ತನ್ನ ಇಬ್ಬರು ಗಂಡುಮಕ್ಕಳನ್ನು ಕೊಂದು, ಮೂರನೆಯ ಕೂಸಿಗೆ ತೀವ್ರ ಗಾಯ ಮಾಡಿ, ಅವಳೂ ತಾನೇ ಫೋನ್ ಮಾಡಿದಳು. ಇಬ್ಬರೂ ದೈವಭಕ್ತ ಗೃಹಿಣಿಯರು, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದವರು. ಎರಡೂ ಮೊಕದ್ದಮೆಗಳಲ್ಲಿ ಸರ್ಕಾರದ ಪರವಾಗಿ ಆರೋಪಿಯನ್ನು ಪರೀಕ್ಷಿಸಿದ್ದು ಒಬ್ಬರೇ ಮನೋವೈದ್ಯರು, ಪಾರ್ಕ್ ಡೀಟ್ಸ್.

ಇಬ್ಬರಿಗೂ ಮಾನಸಿಕ ಕಾಯಿಲೆ ಇತ್ತು ಎನ್ನುವುದರಲ್ಲಿ ನ್ಯಾಯಾಲಯದಲ್ಲಿ ತಕರಾರಿರಲಿಲ್ಲ. ತಾನು ಮಾಡುತ್ತಿರುವುದು ತಪ್ಪು ಎಂಬ ಅರಿವು ಆ ಹೊತ್ತಿನಲ್ಲಿ ಇತ್ತೇ ಎಂಬುದಷ್ಟೇ ಪ್ರಶ್ನೆ. ಯೇಟ್ಸ್ ತನ್ನೊಳಗೆ ಸೈತಾನ ಇದ್ದಾನೆಂದು ನಂಬಿದ್ದಳು. ತಾನು ಕೆಟ್ಟ ತಾಯಿ, ತನ್ನ ಕೈಯಲ್ಲಿ ಬೆಳೆದ ಮಕ್ಕಳು ನರಕಕ್ಕೆ ಬೀಳುತ್ತಾರೆ, ಏನೂ ಅರಿಯದ ಈ ವಯಸ್ಸಿನಲ್ಲೇ ಸತ್ತರೆ ಸ್ವರ್ಗ ಸೇರುತ್ತಾರೆ ಎಂಬುದು ಅವಳ ಲೆಕ್ಕ. ಲೇನಿಗೆ ಅಪ್ಪಣೆ ಕೊಟ್ಟದ್ದು ದೇವರು. ಡೀಟ್ಸ್ ಅವರ ತರ್ಕ ಇಲ್ಲಿ ಕವಲೊಡೆಯಿತು. ಆ ಯೋಚನೆ ಸೈತಾನನದು ಎಂದು ಯೇಟ್ಸ್ ತಿಳಿದಿದ್ದಳು, ಸೈತಾನನ ಮಾತೆಂದರೆ ತಪ್ಪು ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಅವಳು ಹೊಣೆಗಾರಳು. ದೇವರು ಹೇಳಿದ್ದು ತಪ್ಪಾಗದು ಎಂದು ನಂಬಿದ ಲೇನಿ ಹೊಣೆಗಾರಳಲ್ಲ. 2002ರಲ್ಲಿ ಯೇಟ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು. 2004ರಲ್ಲಿ ಲೇನಿ ನಿರ್ದೋಷಿಯೆಂದು ಆಸ್ಪತ್ರೆಗೆ ಹೋದಳು. ಯೇಟ್ಸ್‌ಳ ಶಿಕ್ಷೆಯೂ 2005ರಲ್ಲಿ ರದ್ದಾಯಿತು, ಆದರೆ ಈ ತರ್ಕ ಬಿದ್ದುಹೋದದ್ದರಿಂದಲ್ಲ. ಪ್ರಸಾರವೇ ಆಗದ ಒಂದು ಟಿ.ವಿ. ಧಾರಾವಾಹಿಯ ಕಂತನ್ನು ಡೀಟ್ಸ್ ಸಾಕ್ಷ್ಯದಲ್ಲಿ ಪ್ರಸ್ತಾಪಿಸಿದ್ದರು. ಆ ತಪ್ಪಿನಿಂದಾಗಿ ಮರುವಿಚಾರಣೆ ನಡೆದು 2006ರಲ್ಲಿ ಅವಳೂ ಆಸ್ಪತ್ರೆ ಸೇರಿದಳು.

ಕಾಯಿಲೆ, ಮಾದಕ ವಸ್ತು, ಧರ್ಮ ಮತ್ತು ಹಿಂಸೆ ಒಂದೇ ಸುದ್ದಿಯಲ್ಲಿ ಬಂದಾಗಲೆಲ್ಲ ನನಗೆ ಈ ಎರಡು ಮೊಕದ್ದಮೆಗಳು ನೆನಪಾಗುತ್ತವೆ. ತಲೆಯೊಳಗಿನ ದನಿಗೆ ಯಾವ ಹೆಸರಿತ್ತು ಎಂಬುದರ ಮೇಲೆ ಇಬ್ಬರು ರೋಗಿಗಳ ಬದುಕು ಬೇರೆಬೇರೆ ದಾರಿ ಹಿಡಿಯಿತು. ಆ ಹೆಸರಿಗಾದರೋ ವೈದ್ಯಶಾಸ್ತ್ರದಲ್ಲಿ ಅಂಥ ತೂಕವೇನೂ ಇಲ್ಲ.

ಯಾಕೆ ಇಲ್ಲ ಎಂದು ಹೇಳುವ ಮೊದಲು ಪದಗಳ ಗೊಂದಲ ತೀರಿಸಿಕೊಳ್ಳಬೇಕು. ಕನ್ನಡದಲ್ಲಿ ಭ್ರಮೆ, ಭ್ರಾಂತಿ ಎಂಬ ಮಾತುಗಳನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ನಾನಿಲ್ಲಿ ಭ್ರಮೆ ಎನ್ನುವುದು ಎಷ್ಟು ಪುರಾವೆ ಕೊಟ್ಟರೂ ಕದಲದ, ಸುತ್ತಲಿನ ಜನ ಒಪ್ಪದ ಸುಳ್ಳು ನಂಬಿಕೆಗೆ. ಅಂಥ ನಂಬಿಕೆಯಲ್ಲಿ ಕಾಯಿಲೆ ಒದಗಿಸುವುದು ಆಕಾರವನ್ನು ಮಾತ್ರ: ಯಾರೋ ನನ್ನ ಬೆನ್ನುಹತ್ತಿದ್ದಾರೆ, ನನಗೊಂದು ಮಹಾಕಾರ್ಯ ಒಪ್ಪಿಸಲಾಗಿದೆ, ನನ್ನ ಯೋಚನೆಗಳನ್ನು ಬೇರೆಯವರು ನಡೆಸುತ್ತಿದ್ದಾರೆ. ಆ ‘ಯಾರೋ’ ಯಾರು ಎಂಬುದನ್ನು ಊರು, ಕಾಲ, ಮನೆಯ ಮಾತುಕತೆ ತುಂಬುತ್ತವೆ. 1843ರಲ್ಲಿ ಲಂಡನ್ನಿನಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಗೆ ಗುಂಡಿಟ್ಟ ಡೇನಿಯಲ್ ಮ್ಯಾಕ್‌ನಾಟನ್‌ನನ್ನು ಬೆನ್ನುಹತ್ತಿದ್ದವರು ಟೋರಿ ಪಕ್ಷದವರು. ಇಂದು ನಮ್ಮ ಊರುಗಳಲ್ಲಿ ಅದೇ ಜಾಗದಲ್ಲಿ ದಾಯಾದಿ ಮಾಡಿಸಿದ ಮಾಟವೋ, ಮೊಬೈಲ್ ಟವರೋ, ಸಿ.ಸಿ. ಕ್ಯಾಮೆರಾವೋ ಕುಳಿತಿರುತ್ತದೆ. ದೇವರ ಹೆಸರು ಇಷ್ಟು ಸಲ ಕೇಳಿಬರುವುದಕ್ಕೆ ಕಾರಣ, ಮೀರಲಾಗದ ಅಪ್ಪಣೆ ಕೊಡಬಲ್ಲವನು ಎಂದು ಬಹುಪಾಲು ಜನರಿಗೆ ಬಾಲ್ಯದಿಂದ ಗೊತ್ತಿರುವುದು ಅವನೊಬ್ಬನೇ.

ಹಾಗೆಂದ ಮಾತ್ರಕ್ಕೆ ಮೈಮೇಲೆ ದೇವರು ಬರುವುದೂ ಇದೂ ಒಂದೇ ಎಂದುಕೊಂಡರೆ ಪೂರ್ತಿ ದಾರಿ ತಪ್ಪಿದಂತೆ. ಜಾತ್ರೆಯಲ್ಲಿ ಮೈದುಂಬುವ ಪೂಜಾರಿಗೆ, ಕೋಲದಲ್ಲಿ ನುಡಿಗೊಡುವ ದರ್ಶನ ಪಾತ್ರಿಗೆ ಹೊತ್ತು ಗೊತ್ತಿರುತ್ತದೆ. ಜಾಗವಿದೆ, ವಾದ್ಯವಿದೆ, ‘ಸಾಕು, ಇಳಿ’ ಎನ್ನುವ ಊರಿದೆ. ಇಳಿದ ಮೇಲೆ ಆತ ಮನೆಗೆ ಹೋಗಿ ಊಟ ಮಾಡಿ, ಮರುದಿನ ತೋಟಕ್ಕೆ ಹೋಗುತ್ತಾನೆ. ಚಿತ್ತವಿಕಲತೆಯ (ವಾಸ್ತವದ ಅರಿವೇ ತಪ್ಪುವ ಕಾಯಿಲೆ, ಸೈಕೋಸಿಸ್) ದನಿಗೆ ಹೊತ್ತೂ ಇಲ್ಲ, ಊರೂ ಇಲ್ಲ. ಅದು ನಡುರಾತ್ರಿಯಲ್ಲಿ ಒಬ್ಬನಿಗೇ ಕೇಳುತ್ತದೆ, ಅವನ ನಿದ್ದೆ ಕೆಡಿಸುತ್ತದೆ, ಸ್ನಾನ ಬಿಡಿಸುತ್ತದೆ, ಹೆಂಡತಿ ಕೊಟ್ಟ ಅನ್ನದಲ್ಲಿ ವಿಷವಿದೆ ಎನ್ನಿಸುತ್ತದೆ. ಊರಿನಲ್ಲಿ ಎಲ್ಲರಿಗಿಂತ ಮೊದಲು ‘ಇದು ದೇವರಲ್ಲ’ ಎಂದು ಗುರುತಿಸುವವನು ಎಷ್ಟೋ ಸಲ ಆ ಪೂಜಾರಿಯೇ.

ತೊಡಕಾಗುವುದು ಭ್ರಮೆ ಒಬ್ಬನನ್ನು ದಾಟಿ ಮನೆಯನ್ನೇ ಆವರಿಸಿದಾಗ. 2021ರ ಜನವರಿಯಲ್ಲಿ ಕೋಲಾರದ ಗಡಿಗೆ ದೂರವಿಲ್ಲದ ಆಂಧ್ರದ ಮದನಪಲ್ಲಿಯಲ್ಲಿ ಚೆನ್ನಾಗಿ ಓದಿಕೊಂಡ ಅಧ್ಯಾಪಕ ದಂಪತಿಯ ಮೇಲೆ ಬೆಳೆದ ಇಬ್ಬರು ಹೆಣ್ಣುಮಕ್ಕಳನ್ನು ಕೊಂದ ಆರೋಪ ಬಂತು. ಕಲಿಯುಗ ಮುಗಿದು ಸತ್ಯಯುಗ ಹುಟ್ಟುವ ಹೊತ್ತಿಗೆ ಮಕ್ಕಳು ಎದ್ದು ಬರುತ್ತಾರೆಂದು ಅವರು ನಂಬಿದ್ದರು ಎಂದರು ಪೊಲೀಸರು. ‘ಇಷ್ಟು ಓದಿದವರು ಹೀಗೆ ಮಾಡುವುದೇ’ ಎಂದು ಅಂದು ಟಿ.ವಿ.ಯವರು ಕೇಳಿದ್ದೇ ಕೇಳಿದ್ದು. ಓದಿಗೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಒಬ್ಬರ ಭ್ರಮೆಯನ್ನು ಉಳಿದವರು ಪ್ರೀತಿಯಿಂದಲೋ ಭಯದಿಂದಲೋ ಹಂಚಿಕೊಳ್ಳುವ ಸ್ಥಿತಿಯನ್ನು ಫ್ರೆಂಚ್ ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ವಿವರಿಸಿದ್ದಾರೆ. ಹೊರಗಿನವರ ಒಡನಾಟ ಕಡಿದುಹೋಗಿರುವುದು ಅದರ ಮುಖ್ಯ ಲಕ್ಷಣ. ಮದನಪಲ್ಲಿಯ ದಂಪತಿಯನ್ನು ಆಮೇಲೆ ವಿಶಾಖಪಟ್ಟಣದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು.

ನಿಧಿಯ ಆಸೆಗೆ ಮಗುವನ್ನು ಬಲಿ ಕೊಡುವವನ ಕಥೆ ಬೇರೆ. ಅವನು ಮುಹೂರ್ತ ನೋಡುತ್ತಾನೆ, ಯಾರೂ ಹುಡುಕದ ಬಡವರ ಮಗುವನ್ನು ಆರಿಸುತ್ತಾನೆ, ಕೆಲಸ ಮುಗಿದ ಮೇಲೆ ತಪ್ಪಿಸಿಕೊಳ್ಳುತ್ತಾನೆ. ಇದು ಮೂಢನಂಬಿಕೆ ಬೆರೆತ ದುರಾಸೆ, ಕಾಯಿಲೆಯಲ್ಲ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಗುರಿಯಿಟ್ಟಿರುವುದು ಇಂಥವರ ಮೇಲೆ. ನ್ಯೂಯಾರ್ಕಿನ ಸರಣಿ ಕೊಲೆಗಾರ ಡೇವಿಡ್ ಬರ್ಕೊವಿಟ್ಜ್ ನೆರೆಮನೆಯ ನಾಯಿಯ ರೂಪದ ದೆವ್ವ ತನಗೆ ಅಪ್ಪಣೆ ಕೊಟ್ಟಿತೆಂದು ಹೇಳಿದ್ದ. 1979ರಲ್ಲಿ ತಾನೇ ಪತ್ರಕರ್ತರನ್ನು ಕರೆದು ಅದೆಲ್ಲ ಕಟ್ಟುಕಥೆ ಎಂದ. ದೇವರು, ದೆವ್ವ ಎಂದವರೆಲ್ಲ ರೋಗಿಗಳಲ್ಲ.

ಇನ್ನು ಅಂಕಿಗಳು. ಈ ವಿಷಯದಲ್ಲಿ ಎರಡು ಬಗೆಯ ಸುಳ್ಳುಗಳು ಚಾಲ್ತಿಯಲ್ಲಿವೆ. ಮಾನಸಿಕ ರೋಗಿಗಳೆಂದರೆ ಅಪಾಯಕಾರಿಗಳು ಎನ್ನುವುದು ಒಂದು. ಕಾಯಿಲೆಗೂ ಹಿಂಸೆಗೂ ಸಂಬಂಧವೇ ಇಲ್ಲ ಎಂಬ, ಒಳ್ಳೆಯ ಮನಸ್ಸಿನವರು ಹೇಳುವ ಮಾತು ಇನ್ನೊಂದು. ಸ್ವೀಡನ್ನಿನಲ್ಲಿ ಆಸ್ಪತ್ರೆಯ ದಾಖಲೆಗಳನ್ನೂ ನ್ಯಾಯಾಲಯದ ದಾಖಲೆಗಳನ್ನೂ ಒಂದಕ್ಕೊಂದು ಜೋಡಿಸಿ ನೋಡಬಹುದು. ಅಲ್ಲಿ 1973ರಿಂದ 2006ರವರೆಗೆ ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಲತೆಯ ಕಾಯಿಲೆ ಇದ್ದ ಎಂಟು ಸಾವಿರ ಜನರನ್ನು ಸಾಮಾನ್ಯ ಜನರ ಜೊತೆ ಹೋಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಹಿಂಸೆಯ ಅಪರಾಧಕ್ಕೆ ಒಮ್ಮೆಯಾದರೂ ಶಿಕ್ಷೆಯಾದವರು ಸಾಮಾನ್ಯರಲ್ಲಿ ಶೇ 5.3, ರೋಗಿಗಳಲ್ಲಿ ಶೇ 13.2. ಇಷ್ಟಕ್ಕೇ ಬರೆಯುವುದನ್ನು ನಿಲ್ಲಿಸಿದರೆ ಒಳ್ಳೆಯ ತಲೆಬರಹ ಸಿಗುತ್ತದೆ. ಆದರೆ ಸಂಶೋಧಕರು ರೋಗಿಗಳನ್ನು ಎರಡು ಪಾಲು ಮಾಡಿದರು. ಕುಡಿತ ಅಥವಾ ಮಾದಕ ವಸ್ತುವಿನ ಚಟವೂ ಇದ್ದವರಲ್ಲಿ ಶೇ 27.6 ಮಂದಿಗೆ ಶಿಕ್ಷೆಯಾಗಿತ್ತು, ಚಟವಿಲ್ಲದವರಲ್ಲಿ ಶೇ 8.5. ವಯಸ್ಸು, ಲಿಂಗ, ಆದಾಯ ಮೊದಲಾದವನ್ನು ಸರಿದೂಗಿಸಿ ನೋಡಿದಾಗ ಚಟವಿಲ್ಲದ ರೋಗಿಯ ಅಪಾಯ ಸಾಮಾನ್ಯನದಕ್ಕಿಂತ 1.2 ಪಟ್ಟು ಮಾತ್ರ. ಚಟವಿದ್ದರೆ 4.4 ಪಟ್ಟು.

ಅಲ್ಲಿಗೂ ಅವರು ನಿಲ್ಲಲಿಲ್ಲ. ಚಟವಿದ್ದ ರೋಗಿಗಳನ್ನು ಅವರದೇ ಮನೆಯ ಆರೋಗ್ಯವಂತ ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಹೋಲಿಸಿದಾಗ 4.4 ಎಂಬುದು 1.8ಕ್ಕೆ ಇಳಿಯಿತು. ಎಂದರೆ ಕಾಯಿಲೆಯ ಲೆಕ್ಕಕ್ಕೆ ಬರೆದುಕೊಂಡಿದ್ದ ಅಪಾಯದಲ್ಲಿ ದೊಡ್ಡ ಪಾಲು ಆ ಮನೆಯದು: ಹುಟ್ಟಿನಿಂದ ಬಂದದ್ದು, ಬಾಲ್ಯದಲ್ಲಿ ಕಂಡ ಹೊಡೆತಬಡಿತ, ಬಡತನ, ಓಣಿಯ ವಾತಾವರಣ. ಅಮೆರಿಕದಲ್ಲಿ 1998ರಲ್ಲಿ ಹೊರಬಂದ ಮ್ಯಾಕ್‌ಆರ್ಥರ್ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳನ್ನು ಅವರದೇ ನೆರೆಹೊರೆಯವರ ಜೊತೆ ಹೋಲಿಸಿದಾಗ, ಚಟವಿಲ್ಲದ ರೋಗಿಗೂ ಚಟವಿಲ್ಲದ ನೆರೆಯವನಿಗೂ ಹಿಂಸೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಟ ಇಬ್ಬರಲ್ಲೂ ಹಿಂಸೆಯನ್ನು ಏರಿಸಿತ್ತು.

ಹಳೆಯ ಸುಭಾಷಿತವೊಂದಿದೆ: ಮೊದಲೇ ಮಂಗ, ಅದಕ್ಕೆ ಹೆಂಡ ಕುಡಿಸಿ, ಆಮೇಲೆ ಚೇಳು ಕಚ್ಚಿ, ಅದರ ಮೇಲೆ ಭೂತವೂ ಹೊಕ್ಕರೆ ಏನಾದರೂ ಆದೀತು. ರೋಗಿಯನ್ನು ಮಂಗನಿಗೆ ಹೋಲಿಸುವ ಇರಾದೆ ನನಗಿಲ್ಲ. ಆದರೆ ಒಂದರ ಮೇಲೊಂದು ಪೇರಿಸುವ ಆ ಲೆಕ್ಕ ಅಪರಾಧಶಾಸ್ತ್ರಕ್ಕೆ ಬಹಳ ಹತ್ತಿರವಿದೆ. ಚೇಳಿನ ಜಾಗದಲ್ಲಿ ಕೂರುವುದು ಭಯ ಮತ್ತು ಸಿಟ್ಟು. ಭ್ರಮೆಗಳಲ್ಲಿ ಬಹುಪಾಲು ನಿರುಪದ್ರವಿ. ತಾನು ಮಹಾರಾಜ ಎಂದು ನಂಬಿದವನು ಯಾರ ತಂಟೆಗೂ ಹೋಗದೆ ಬಸ್ ನಿಲ್ದಾಣದಲ್ಲಿ ಆಶೀರ್ವಾದ ಮಾಡುತ್ತಾ ಕೂತಿರುತ್ತಾನೆ. ‘ಇವರು ನನ್ನನ್ನು ಕೊಲ್ಲುತ್ತಾರೆ’, ‘ಇವಳು ನನಗೆ ಮೋಸ ಮಾಡುತ್ತಿದ್ದಾಳೆ’ ಎಂಬ ಭ್ರಮೆ ಸಿಟ್ಟನ್ನು ಎಬ್ಬಿಸಿದಾಗ ಕೈ ಮೇಲೇಳುತ್ತದೆ.

ಅದರಲ್ಲೂ ಈ ಎರಡನೆಯದು ನಮ್ಮ ಹಳ್ಳಿ ಪೇಟೆಗಳಿಗೆ ಚೆನ್ನಾಗಿ ಗೊತ್ತಿರುವ ಸಂಶಯದ ಕಾಯಿಲೆ. ವರ್ಷಗಟ್ಟಲೆ ಕುಡಿದವನಿಗೆ ಹೆಂಡತಿಯ ಶೀಲದ ಮೇಲೆ ಕದಲದ ಅನುಮಾನ ಹುಟ್ಟುತ್ತದೆ. ಹಾಲಿನವನ ಮೇಲೆ, ಭಾವನ ಮೇಲೆ, ಕಡೆಗೆ ಮಗನ ಮೇಲೂ. ಇದರಲ್ಲಿ ದೇವರಿಲ್ಲ, ದೆವ್ವವಿಲ್ಲ, ಆದ್ದರಿಂದ ಟಿ.ವಿ. ಚರ್ಚೆಯೂ ಇಲ್ಲ. ‘ಕೌಟುಂಬಿಕ ಕಲಹ: ಪತ್ನಿಯ ಕೊಲೆ’ ಎಂಬ ನಾಲ್ಕು ಸಾಲಿನ ಸುದ್ದಿ ಒಳಪುಟದಲ್ಲಿ ಬಂದು ಹೋಗುತ್ತದೆ. ಕುಡಿತ, ಭ್ರಮೆ, ಹಿಂಸೆ ಮೂರೂ ಇಷ್ಟು ಬಿಗಿಯಾಗಿ ಹೆಣೆದುಕೊಂಡ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಕುಡಿತದ ಕಾಯಿಲೆ ಇರುವವರಲ್ಲಿ ಸುಮಾರು ಶೇ 86 ಮಂದಿಗೆ ಚಿಕಿತ್ಸೆ ತಲುಪಿಲ್ಲ.

ಗಾಂಜಾದ ಮೇಲೆ ನಮಗಿರುವ ಗಮನ ಸಾರಾಯಿಯ ಮೇಲಿಲ್ಲ. ಇದೂ ಹಳೆಯ ಅಭ್ಯಾಸವೇ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್ ಕುರಿತು ಒಂದು ಆಯೋಗ ನೇಮಿಸಿತು. ಗಾಂಜಾ ಹುಚ್ಚು ಹಿಡಿಸುತ್ತದೆಯೇ, ಕೊಲೆ ಮಾಡಿಸುತ್ತದೆಯೇ ಎಂದು ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ ‘ಕಾರಣ: ಗಾಂಜಾ’ ಎಂದಿದ್ದವರನ್ನು ಒಬ್ಬೊಬ್ಬರಾಗಿ ಹಿಂಬಾಲಿಸಿದಾಗ ಬಯಲಾದದ್ದು ತಮಾಷೆಯಾಗಿತ್ತು. ಬೀದಿಯಲ್ಲಿ ಸಿಕ್ಕವನನ್ನು ಆಸ್ಪತ್ರೆಗೆ ತರುವ ಪೊಲೀಸನು ನಮೂನೆಯಲ್ಲಿ ಕಾರಣ ಬರೆಯಲೇಬೇಕಿತ್ತು. ಗೊತ್ತಿಲ್ಲದಾಗ ಗಾಂಜಾ ಎಂದು ಬರೆಯುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಿತವಾದ ಸೇವನೆಗೂ ಹಿಂಸೆಯ ಅಪರಾಧಕ್ಕೂ ಹೇಳಿಕೊಳ್ಳುವಂಥ ನಂಟು ಇಲ್ಲವೆಂದು 1894ರ ವರದಿ ಹೇಳಿತು.

ಆ ವರದಿಯನ್ನು ಇಂದು ಗಾಂಜಾ ಪರ ವಕಾಲತ್ತಿಗೆ ಬಳಸುವವರಿದ್ದಾರೆ. ಅದೂ ಸರಿಯಲ್ಲ. ಅಂದಿನ ಸೊಪ್ಪಿಗೂ ಇಂದು ತಳಿಬೆರಕೆ ಮಾಡಿ ಮಾರುವ ಮಾಲಿಗೂ ಬಲದಲ್ಲಿ ಅಜಗಜಾಂತರ. ಯುರೋಪಿನ ಹಲವು ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಬಲ ಗಾಂಜಾವನ್ನು ದಿನವೂ ಸೇದುವವರಿಗೆ ಚಿತ್ತವಿಕಲತೆ ಬರುವ ಸಂಭವ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಎಂದು ಕಂಡುಬಂತು. ಮೆಥಾಂಫೆಟಮಿನ್‌ನಂಥ ಉತ್ತೇಜಕಗಳಂತೂ ಮೊದಲೇ ಕಾಯಿಲೆ ಇಲ್ಲದವನಲ್ಲೂ, ಯಾರೋ ಬೆನ್ನುಹತ್ತಿದ್ದಾರೆಂಬ ಭಯವನ್ನು ಕೆಲವೇ ದಿನಗಳ ನಿದ್ದೆಗೇಡಿನಲ್ಲಿ ಹುಟ್ಟಿಸಬಲ್ಲವು.

ಕಾಯಿಲೆಯನ್ನೂ ಅಮಲನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಮ್ಯಾಕ್‌ನಾಟನ್ ಪ್ರಕರಣದ ಗದ್ದಲದಿಂದ ಹುಟ್ಟಿದ ನಿಯಮ ಇಂಡಿಯನ್ ಪೀನಲ್ ಕೋಡಿನ 84ನೆಯ ಸೆಕ್ಷನ್ ಆಗಿ ನಮ್ಮಲ್ಲಿಗೆ ಬಂತು, ಈಗ ಭಾರತೀಯ ನ್ಯಾಯ ಸಂಹಿತೆಯ 22ನೆಯ ಸೆಕ್ಷನ್ ಆಗಿ ಉಳಿದಿದೆ. ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ತಾನು ಮಾಡುತ್ತಿರುವುದು ಏನೆಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದಾಗಲಿ ಆ ಹೊತ್ತಿನಲ್ಲಿ ತಿಳಿಯದವನು ಮಾಡಿದ್ದು ಅಪರಾಧವಲ್ಲ. ‘ಆ ಹೊತ್ತಿನಲ್ಲಿ’ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹತ್ತು ವರ್ಷ ಚಿಕಿತ್ಸೆ ಪಡೆದ ಚೀಟಿಗಳಿದ್ದರೂ ಸಾಲದು. ವೈದ್ಯರ ದೃಷ್ಟಿಯ ಹುಚ್ಚು ಬೇರೆ, ಕಾನೂನಿನ ಹುಚ್ಚು ಬೇರೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಆರೋಪಿ ಇದನ್ನು ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಸಂಭವನೀಯತೆ ತನ್ನ ಕಡೆಗಿದೆ ಎಂದು ತೋರಿಸಿದರೆ ಸಾಕು ಎಂದು 1964ರ ದಾಹ್ಯಾಭಾಯಿ ಠಕ್ಕರ್ ತೀರ್ಪು ಹೇಳಿದ್ದರೂ, ಕೊಲೆಯಾದ ಮೇಲೆ ಓಡಿಹೋದ, ಕತ್ತಿ ಬಚ್ಚಿಟ್ಟ ಎಂಬ ಒಂದು ಸಾಕ್ಷಿ ಬಂದರೆ ವಾದ ಕುಸಿಯುತ್ತದೆ. ಬಿಡುಗಡೆಯಾದರೂ ಮನೆಗೆ ಹೋಗುವ ಹಾಗಿಲ್ಲ. ಸುರಕ್ಷಿತ ಪಾಲನೆಯ ಹೆಸರಿನಲ್ಲಿ ಆಸ್ಪತ್ರೆ, ಹಲವರಿಗೆ ಅದೇ ಸೆರೆಮನೆ. ತಾನಾಗಿ ಕುಡಿದವನಿಗಾದರೋ ಈ ರಿಯಾಯಿತಿ ಇಲ್ಲ. ಅಮಲಿನಲ್ಲಿದ್ದರೂ ಎಚ್ಚರದಲ್ಲಿದ್ದವನಿಗೆ ಇರುವಷ್ಟೇ ಅರಿವು ಇತ್ತೆಂದು ಕಾನೂನು ಭಾವಿಸುತ್ತದೆ, ಉದ್ದೇಶದ ಪ್ರಶ್ನೆಯನ್ನು ಮಾತ್ರ ಬೇರೆಯಾಗಿ ನೋಡುತ್ತದೆ. ವರ್ಷಗಳ ಕುಡಿತದಿಂದ ಮೆದುಳೇ ಕೆಟ್ಟು ಭ್ರಮೆ ಹತ್ತಿದವನು ಈ ಎರಡರ ನಡುವೆ ಎಲ್ಲಿ ನಿಲ್ಲುತ್ತಾನೆ ಎಂಬುದರ ಮೇಲೆ ವಕೀಲರು ಇಂದಿಗೂ ಜಗಳವಾಡುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ ಅಂಕಿ ಇನ್ನೊಂದು. ಹಲವು ದೇಶಗಳ ಕೊಲೆ ಪ್ರಕರಣಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚಿತ್ತವಿಕಲತೆ ಇದ್ದವರು ಮಾಡಿದ ಕೊಲೆಗಳಲ್ಲಿ ಹತ್ತಿರಹತ್ತಿರ ಶೇ 39ರಷ್ಟು ನಡೆದದ್ದು ಕಾಯಿಲೆಯ ಮೊದಲ ಸುತ್ತಿನಲ್ಲಿ, ಚಿಕಿತ್ಸೆ ಶುರುವಾಗುವ ಮೊದಲೇ. ಚಿಕಿತ್ಸೆಗೆ ಮುಂಚಿನ ಆ ಅವಧಿಯಲ್ಲಿ ಸುಮಾರು 630 ರೋಗಿಗಳಲ್ಲಿ ಒಬ್ಬರು ಕೊಲೆ ಮಾಡಿದರೆ, ಚಿಕಿತ್ಸೆಯ ನಂತರ ಅದು ವರ್ಷಕ್ಕೆ ಒಂಬತ್ತು ಸಾವಿರದಲ್ಲಿ ಒಬ್ಬರು. ಸ್ವೀಡನ್ನಿನ ಇನ್ನೊಂದು ಅಧ್ಯಯನ 82 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸಿ ನೋಡಿತು. ಚಿತ್ತವಿಕಲತೆಯ ಔಷಧ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, ಬಿಟ್ಟಿದ್ದ ಕಾಲಕ್ಕಿಂತ ಹಿಂಸೆಯ ಅಪರಾಧ ಶೇ 45ರಷ್ಟು ಕಡಿಮೆ ಇತ್ತು. ಯೇಟ್ಸ್‌ಳ ಕಥೆಗೆ ಒಮ್ಮೆ ಮರಳಿದರೆ, 1999ರಲ್ಲೇ ಅವಳು ಎರಡು ಸಲ ಆತ್ಮಹತ್ಯೆಗೆ ಯತ್ನಿಸಿದ್ದಳು. ಇನ್ನೊಂದು ಮಗು ಬೇಡ ಎಂದು ವೈದ್ಯರು ಎಚ್ಚರಿಸಿದ್ದರು. ಮಕ್ಕಳು ಸಾಯುವ ಕೆಲವೇ ವಾರಗಳ ಮೊದಲು ಅವಳ ಔಷಧ ನಿಂತಿತ್ತು. ನ್ಯಾಯಾಲಯ ಸೈತಾನನ ಬಗ್ಗೆ ದಿನಗಟ್ಟಲೆ ವಾದಿಸಿತು. ಈ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದವರಿಗೆ ಸೈತಾನನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ನಮ್ಮಲ್ಲಿ ಆ ‘ಚಿಕಿತ್ಸೆಗೆ ಮುಂಚಿನ ಅವಧಿ’ ತಿಂಗಳುಗಳದಲ್ಲ, ಎಷ್ಟೋ ಮನೆಗಳಲ್ಲಿ ವರ್ಷಗಳದು. ಗಾಳಿ ಸೋಕಿದೆ ಎಂದು ಮಂತ್ರವಾದಿ, ಮದುವೆ ಮಾಡಿದರೆ ಸರಿಹೋದೀತು ಎಂದು ಮದುವೆ, ಅದೂ ಆದ ಮೇಲೆ ಕೋಣೆಯೊಂದರಲ್ಲಿ ಬೀಗ. ಈ ಕಾಲದಲ್ಲಿ ಪೆಟ್ಟು ತಿನ್ನುವವರು ಯಾರು ಎಂದರೆ ಬಹುಪಾಲು ರೋಗಿಗಳೇ. ಷಿಕಾಗೊದಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ವಿಚಾರಿಸಿದಾಗ, ಒಂದೇ ವರ್ಷದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹಿಂಸೆಯ ಅಪರಾಧಕ್ಕೆ ಬಲಿಯಾಗಿದ್ದರು, ಸಾಮಾನ್ಯರಿಗಿಂತ ಹನ್ನೊಂದು ಪಟ್ಟು. ನಮಗೆ ಷಿಕಾಗೊವರೆಗೆ ಹೋಗುವ ಅಗತ್ಯವಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಹುಟ್ಟಿಕೊಂಡಿದ್ದ ‘ಮನೋರೋಗಿಗಳ ಮನೆ’ಗಳಲ್ಲೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಓಡಲಾರದೆ ಸತ್ತರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ.

ಹಾಗಾದರೆ ದೇವಸ್ಥಾನ, ದರ್ಗಾಗಳಿಗೆ ಹೋಗುವುದನ್ನೇ ಬಿಡಿಸಬೇಕೇ? ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಉಳಿದುಕೊಂಡಿದ್ದ 31 ರೋಗಿಗಳನ್ನು ಗಮನಿಸಿ 2002ರಲ್ಲಿ ಬರೆದ ವರದಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಭೂತೋಚ್ಚಾಟನೆ ಇರಲಿಲ್ಲ, ಹೊಡೆತ ಇರಲಿಲ್ಲ. ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗಿದ್ದ ಮನೆಯವರ ಆರೈಕೆ. ಸರಾಸರಿ ಆರು ವಾರಗಳಲ್ಲಿ ರೋಗಲಕ್ಷಣದ ಅಂಕಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಔಷಧಕ್ಕೆ ಇದು ಬದಲಿ ಎಂದು ಯಾರೂ ಹೇಳಲಿಲ್ಲ, ಆದರೆ ಭಯ ಇಳಿದಲ್ಲಿ ರೋಗವೂ ಸ್ವಲ್ಪ ಇಳಿಯುತ್ತದೆ.

ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಪ್ರಾರ್ಥನೆ ಮಾಡಿಸುವ ಮುಜಾವರರಿಗೆ ಕಾಯಿಲೆಯ ಲಕ್ಷಣ ಗುರುತಿಸುವುದನ್ನು ಕಲಿಸಿದ್ದಾರೆ. ‘ದವಾ–ದುವಾ’ (ಔಷಧ–ಪ್ರಾರ್ಥನೆ) ಎಂದು ಹೆಸರು. ದೆವ್ವ ಹಿಡಿದಿದೆ ಎಂದು ಕರೆತಂದವನಿಗೆ ಮುಜಾವರನು ಮೊದಲು ದುವಾ ಮಾಡುತ್ತಾನೆ. ಮಾಡಿ, ಪಕ್ಕದಲ್ಲೇ ಕೂತಿರುವ ವೈದ್ಯರ ಕಡೆಗೆ ಕೈ ತೋರಿಸುತ್ತಾನೆ. ಅಂಥದೇ ವ್ಯವಸ್ಥೆಯನ್ನು ತಮಿಳುನಾಡು ಸರ್ಕಾರ ಆಮೇಲೆ ಏರ್ವಾಡಿಯಲ್ಲೂ ತಂದಿತು.